ಮಜ್ಜೆಯೊಳಗಣ ವೈರಾಣು

ಖಾರಘರದಲ್ಲಿರುವ, ಟಾಟಾ ಮೆಮೋರಿಯಲ್ ಸೆಂಟರಿನ ಅಂಗವಾದ ಆಕ್ಟ್ರೆಕ್ ಸಂಸ್ಥೆಯಲ್ಲಿ ಅಸ್ಥಿಮಜ್ಜೆಯ ಕಸಿಗೊಳಗಾದ ರೋಗಿಗೆ ಹೊರಗಿನ ಸೋಂಕು ತಗಲದಂತೆ ಎಷ್ಟು ಎಚ್ಚರವಹಿಸಿದರೂ, ವೈದ್ಯರು ಬಹುವಾಗಿ ಅಂಜುವ ವೈರಾಣುಗಳಲ್ಲೊಂದು ರೋಗಿಯ ಕೊಠಡಿಯ ಹೊಸಿಲನ್ನು ಪ್ರತ್ಯೇಕವಾಗಿ ದಾಟಬೇಕಾದುದೇ ಇಲ್ಲ. ರೋಗಿಯ ಮೈಯಲ್ಲೇ ಅದು ಒಳಬಂದಿರುತ್ತದೆ.

ಸೀತಾಳೆಸಿಡುಬನ್ನೂ ಸರ್ಪಸುತ್ತನ್ನೂ ತರುವ ವೈರಾಣುವಿನ ದಾಯಾದಿಯಾದ ಈ ಸೈಟೊಮೆಗಾಲೊವೈರಸ್ ಎದೆಹಾಲು, ಜೊಲ್ಲು, ಮೂತ್ರಗಳ ಮೂಲಕ ಬಹುಮಟ್ಟಿಗೆ ಬಾಲ್ಯದಲ್ಲಿಯೇ ನಮ್ಮನ್ನು ಸೇರಿ, ಅಲ್ಪಸ್ವಲ್ಪ ಜ್ವರವನ್ನು ತಂದೋ ಏನನ್ನೂ ತರದೆಯೋ, ಮಜ್ಜೆಯ ಮೂಲಕೋಶಗಳಲ್ಲಿ ಆಜೀವ ಸುಪ್ತವಾಗಿ ಉಳಿಯುತ್ತದೆ. ನಮ್ಮ ದೇಶದ ವಯಸ್ಕರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಇದನ್ನು ಹೊತ್ತವರೇ. ಇದು ಹೊಕ್ಕ ಜೀವಕೋಶ ಉಬ್ಬಿ, ಸೂಕ್ಷ್ಮದರ್ಶಕದಲ್ಲಿ ಗೂಬೆಯ ಕಣ್ಣಿನಂತೆ ತೋರುವುದನ್ನು ಜರ್ಮನಿಯ ರಿಬ್ಬರ್ಟ್ 1881ರಲ್ಲಿಯೇ ಸತ್ತು ಹುಟ್ಟಿದ ಶಿಶುವೊಂದರ ಮೂತ್ರಪಿಂಡದಲ್ಲಿ ಕಂಡಿದ್ದನಾದರೂ, ಕಾರಣವಾದ ವೈರಾಣು ಪ್ರಯೋಗಶಾಲೆಯಲ್ಲಿ ಕೈಗೆ ಸಿಕ್ಕಿದ್ದು 1956ರ ಸುಮಾರಿಗೆ.

ಇದನ್ನು ಅಂಕೆಯಲ್ಲಿಡುವ ಟಿ-ಕೋಶಗಳ ದುಡಿಮೆ ಅಲ್ಪವಲ್ಲ: ಸೋಂಕುಳ್ಳವರ ಸ್ಮೃತಿಕೋಶಗಳಲ್ಲಿ ಸರಾಸರಿ ಹತ್ತನೆಯ ಒಂದು ಪಾಲು ಇದೊಂದರ ಕಾವಲಿಗೇ ಮೀಸಲು. ಕಸಿಯ ಪೂರ್ವಸಿದ್ಧತೆಯಲ್ಲಿ ಆ ಕಾವಲು ಅಳಿದೊಡನೆ ವೈರಾಣು ಎಚ್ಚತ್ತು ಶ್ವಾಸಕೋಶ, ಕರುಳು, ಅಕ್ಷಿಪಟಲಗಳನ್ನು ಕೆಡಿಸಬಲ್ಲದಾದ್ದರಿಂದ, ಅನ್ಯರ ಮಜ್ಜೆಯನ್ನು ಪಡೆದವರ ರಕ್ತವನ್ನು ಮೊದಲ ನೂರು ದಿನಗಳವರೆಗಾದರೂ ವಾರವಾರವೂ ಪಿಸಿಆರ್ ಪರೀಕ್ಷೆಗೊಳಪಡಿಸಿ, ವೈರಾಣುವಿನ ಪ್ರಮಾಣ ಏರಿದರೆ ಲಕ್ಷಣಗಳಿಗಾಗಿ ಕಾಯದೆ ಗ್ಯಾನ್ಸಿಕ್ಲೊವಿರ್ ಕೊಡುವುದು ರೂಢಿ. ವಿಪರ್ಯಾಸವೆಂದರೆ, ಇಷ್ಟು ಕಷ್ಟದಿಂದ ಬೇರೂರಿದ ಹೊಸ ಮಜ್ಜೆಯನ್ನೇ ಈ ಔಷಧ ಕುಗ್ಗಿಸುತ್ತದೆ. ಆ ದೋಷವಿಲ್ಲದ ಲೆಟರ್ಮೊವಿರ್ ಎಂಬ ಪ್ರತಿಬಂಧಕಕ್ಕೆ ಅಮೆರಿಕದಲ್ಲಿ ಅನುಮತಿ ದೊರೆತದ್ದು 2017ರಲ್ಲಿ. ಸೋಂಕಿಲ್ಲದ ದಾನಿಯನ್ನು ಅರಸಬಾರದೇ ಎಂದರೆ, ನಮ್ಮಲ್ಲಿ ಅಂಥವರು ದುರ್ಲಭ. ಅದೂ ಅಲ್ಲದೆ, ಸೋಂಕನ್ನು ಈಗಾಗಲೇ ಹೊತ್ತ ರೋಗಿಗೆ, ಅದರ ಪರಿಚಯವುಳ್ಳ ದಾನಿಯ ಕೋಶಗಳೇ ಹಿತವೆಂಬುದು ಮೊದಲ ನೋಟಕ್ಕೆ ಹೊಳೆಯದ ಸಂಗತಿ.

ಗರ್ಭಸ್ಥ ಶಿಶುವಿನ ಮಾತು ಬೇರೆ. ತಾಯಿಗೆ ಹಳೆಯ ಸೋಂಕಿದ್ದರೂ ವೈರಾಣು ಮರುಕಳಿಸಿ, ಅಥವಾ ಅದರ ಇನ್ನೊಂದು ತಳಿ ತಗಲಿ, ಗರ್ಭವನ್ನು ಮುಟ್ಟಬಹುದು. ಹಾಗೆ ಸೋಂಕಿದ ಕೂಸುಗಳಲ್ಲಿ ಹೆಚ್ಚಿನವು ಆರೋಗ್ಯವಾಗಿಯೇ ಬೆಳೆಯುತ್ತವೆಯಾದರೂ, ಕೆಲವಕ್ಕೆ ಹುಟ್ಟುವಾಗ ಸರಿಯಿದ್ದ ಕಿವಿ ವರ್ಷಗಳ ಮೇಲೆ ಮಂದವಾಗುತ್ತದೆ. ಜನನಾನಂತರ ಮೂರು ವಾರಗಳೊಳಗೆ ಕೂಸಿನ ಮೂತ್ರವನ್ನೋ ಜೊಲ್ಲನ್ನೋ ಪರೀಕ್ಷಿಸದಿದ್ದರೆ, ಸೋಂಕು ಗರ್ಭದಲ್ಲಿ ಬಂದುದೋ ಆಮೇಲೆ ಎದೆಹಾಲಿನಲ್ಲಿ ಬಂದುದೋ ಎಂದು ಆ ಪರೀಕ್ಷೆಯಿಂದ ನಿರ್ಣಯಿಸಲಾಗದು.