ಕೊಲೆಗಾರನ ಸಿಳ್ಳೆ

ಜಡಿಮಳೆ ಹಿಡಿದ ಸಂಜೆ ಚಿಕ್ಕಮಗಳೂರು, ಕಳಸಗಳ ಕಡೆಯ ತೋಟದ ಮನೆಯೊಂದರಲ್ಲಿ ನಾಲ್ವರು ಚಿತ್ರರಸಿಕರು ಕಲೆತರೆ ಮಾತು ಪತ್ತೇದಾರಿ ಚಿತ್ರಗಳತ್ತ ಹೊರಳುವುದು ಸಹಜ. ಸಾವಿನ ರಹಸ್ಯ ಈ ಕಾಫಿ ಸೀಮೆಗೆ ಹೊಸದಲ್ಲ. ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರ ‘ಕುಬಿ ಮತ್ತು ಇಯಾಲ’ 1992ರಲ್ಲಿ ಸದಾನಂದ ಸುವರ್ಣರ ನಿರ್ದೇಶನದಲ್ಲಿ ತೆರೆಗೂ ಬಂದಿತು. ಆದರೆ ರಸಿಕರನ್ನು ಇಂದಿಗೂ ಎರಡು ಪಕ್ಷವಾಗಿಸಬಲ್ಲ ಚಿತ್ರವೆಂದರೆ ಜರ್ಮನಿಯ ಫ್ರಿಟ್ಸ್ ಲಾಂಗ್ 1931ರಲ್ಲಿ ತೆಗೆದ ‘ಎಂ’.

ಮಕ್ಕಳನ್ನು ಕೊಲ್ಲುವ ಪಾತಕಿಯ ಕಥೆಯಿದು. ಆದರೂ ತೆರೆಯ ಮೇಲೆ ಒಂದು ಕೊಲೆಯೂ ಕಾಣದು. ಮಗಳಿಗಾಗಿ ತಾಯಿ ಇರಿಸಿದ ಬರಿದಾದ ತಟ್ಟೆ, ಪೊದೆಯಿಂದ ಉರುಳಿ ಬರುವ ಚೆಂಡು, ತಂತಿಗೆ ಸಿಕ್ಕ ಬೆಲೂನು: ಇಷ್ಟರಿಂದಲೇ ಎದೆ ನಡುಗುತ್ತದೆ. ಕೊಲೆಗಾರನ ಸಿಳ್ಳೆಯನ್ನು ಗುರುತಿಸುವವನು ಬೆಲೂನು ಮಾರುವ ಕುರುಡ. ಲಾಂಗನ ಮೊದಲ ವಾಕ್ಚಿತ್ರದಲ್ಲೇ ಧ್ವನಿಗೆ ದೊರೆತ ಈ ಹರಿತವೇ ಚಿತ್ರದ ಹಿರಿಮೆ ಎನ್ನುವುದು ಒಂದು ಪಕ್ಷ.

ಇನ್ನೊಂದು ಪಕ್ಷಕ್ಕೆ ಕೊನೆಯ ದೃಶ್ಯವೇ ಪ್ರಾಣ. ಪೋಲೀಸರ ಕಾಟದಿಂದ ಕಸಬು ಕೆಟ್ಟ ಕಳ್ಳರೇ ಕೊಲೆಗಾರನನ್ನು ಹಿಡಿದು ವಿಚಾರಣೆ ಹೂಡುತ್ತಾರೆ. ತನ್ನೊಳಗಿನ ಪಿಶಾಚಿಯನ್ನು ತಡೆಯಲಾರೆನೆಂದು ಪೀಟರ್ ಲೋರೆ ಗೋಳಿಡುತ್ತಾನೆ. ಗುಂಪು ಅವನ ಪ್ರಾಣಕ್ಕಾಗಿ ಅಬ್ಬರಿಸುವಾಗ ಪ್ರೇಕ್ಷಕನಿಗೆ ಗುಂಪಿನ ಮೇಲೆಯೇ ಭಯ ಹುಟ್ಟುತ್ತದೆ. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೇರಿದ. ಲಾಂಗ್, ಲೋರೆ ಇಬ್ಬರೂ ದೇಶ ಬಿಟ್ಟರು.

ಹಾಗಾದರೆ ಮಕ್ಕಳನ್ನು ಕಳೆದುಕೊಂಡವರಿಗೆ ನ್ಯಾಯವೆಲ್ಲಿ? ಚಿತ್ರದ ಕೊನೆಯ ಮಾತು ತಾಯಿಯೊಬ್ಬಳದು: ಶಿಕ್ಷೆಯಿಂದ ಮಕ್ಕಳು ಮರಳಿ ಬಾರರು, ಅವರನ್ನು ಮೊದಲೇ ಕಾಯಬೇಕು. ಆ ಮಾತಿನ ಮುಂದೆ ಎರಡು ಪಕ್ಷಗಳೂ ಮೌನ ತಾಳಬೇಕಾಗುತ್ತದೆ.