'ಶ್ರೀ ವಿರೂಪಾಕ್ಷ': ಸಹಿ ಯಾರದು, ಕೈ ಯಾರದು?

ವಿಜಯನಗರದ ಅರಸರ ಅನೇಕ ತಾಮ್ರಶಾಸನಗಳ ಕೊನೆಯಲ್ಲಿ 'ಶ್ರೀ ವಿರೂಪಾಕ್ಷ' ಎಂದು ದೊಡ್ಡ ಕನ್ನಡ ಅಕ್ಷರಗಳಲ್ಲಿ ಕೊರೆದಿರುತ್ತದೆ. ಇದರ ಬಗ್ಗೆ ನಾವು ಅಂದುಕೊಂಡದ್ದು ಹಲವು ಸಲ ತಪ್ಪು. ಇಂದು ನಾವು ಜಮೀನಿನ ಪತ್ರಕ್ಕೆ ಸಹಿ ಹಾಕುವಾಗಲೂ ಅಂಥವೇ ತಪ್ಪು ತಿಳಿವಳಿಕೆಗಳು ಎದುರಾಗುತ್ತವೆ.

ತಪ್ಪು ಕಲ್ಪನೆ: ಅದು ಬರೀ ದೇವರ ಸ್ಮರಣೆ, ಇಲ್ಲವೇ ವಿರೂಪಾಕ್ಷನೆಂಬ ಅರಸನ ಹೆಸರು.
ಸತ್ಯ: ಅದು ಅರಸನ ಒಪ್ಪ, ಅಂದರೆ ರುಜು. ಹಂಪಿಯ ದೇವರ ಹೆಸರಿನಲ್ಲೇ ಅರಸರು ಸಹಿ ಮಾಡುತ್ತಿದ್ದರು. ತಿರುಪತಿ ವೆಂಕಟೇಶನ ಭಕ್ತನಾಗಿದ್ದ ಕೃಷ್ಣದೇವರಾಯನ (1509–1529) ಒಪ್ಪವೂ ಅದೇ. ರಾಜಧಾನಿ ಹಂಪಿಯಿಂದ ದೂರವಾದ ಮೇಲೆ ಎರಡನೇ ವೆಂಕಟಪತಿರಾಯನ ಕಾಲಕ್ಕೆ ಅದು 'ಶ್ರೀ ವೆಂಕಟೇಶ' ಆಯಿತು.

ತಪ್ಪು ಕಲ್ಪನೆ: ಒಪ್ಪದ ಮೇಲಿರುವ ಸಂಸ್ಕೃತ ಪಾಠದ ಲಿಪಿ ಉತ್ತರದಿಂದ ತಂದ ದೇವನಾಗರಿ, ಅಕ್ಷರ ಬೇರೆಯಾಗಿ ಕಂಡರೆ ಕೊರೆದವನ ತಪ್ಪು.
ಸತ್ಯ: ಬಹುಪಾಲು ಶಾಸನಗಳಲ್ಲಿ ಅದು ದಕ್ಷಿಣದಲ್ಲೇ ಬೆಳೆದ ನಂದಿನಾಗರಿ. ದೇವನಾಗರಿಯಲ್ಲಿ ಇಡೀ ಪದಕ್ಕೆ ಒಂದೇ ತಲೆಗೆರೆ. ಇಲ್ಲಿ ಒಂದೊಂದು ಅಕ್ಷರಕ್ಕೂ ತನ್ನದೇ ಗೆರೆ. ಉಡುಪಿಯ ಮಾಧ್ವ ಮಠಗಳ ಓಲೆಗರಿಗಳಲ್ಲೂ ಇದು ಉಳಿದಿದೆ. 2019ರಲ್ಲಿ ಯೂನಿಕೋಡ್ ಇದನ್ನು ಪ್ರತ್ಯೇಕ ಲಿಪಿಯಾಗಿ ಸೇರಿಸಿಕೊಂಡಿತು.

ತಪ್ಪು ಕಲ್ಪನೆ: ಅರಸನ ಸಹಿ ಎಂದಮೇಲೆ ತಗಡಿನ ಮೇಲಿರುವುದು ಅವನದೇ ಕೈಬರಹ.
ಸತ್ಯ: ಕೃಷ್ಣದೇವರಾಯನ ಶಾಸನಗಳಲ್ಲಿ ಶ್ಲೋಕ ಕಟ್ಟಿದವನು ಸಭಾಪತಿ, ಕೊರೆದವನು ಮಲ್ಲಣನ ಮಗ ವೀರಣಾಚಾರ್ಯ ಎಂದು ಅಲ್ಲೇ ಹೇಳಿದೆ. ತಾಮ್ರಕ್ಕೆ ಉಳಿ ಹಿಡಿದವನು ಆಚಾರಿ. ಶಾಸನಕ್ಕೆ ಬಲ ಬಂದದ್ದು ಅರಸನ ಅಪ್ಪಣೆಯಿಂದ.

ತಪ್ಪು ಕಲ್ಪನೆ: ಇಂದಿನ ಪತ್ರಗಳಲ್ಲಿ ಹೆಬ್ಬೆಟ್ಟು ಸಹಿಯಲ್ಲ; ಬೇರೆಯವರು ಸಹಿ ಹಾಕಿದ ಉಯಿಲು ನಿಲ್ಲುವುದಿಲ್ಲ.
ಸತ್ಯ: ಹೆಸರು ಬರೆಯಲು ಬಾರದವರ ಗುರುತನ್ನೂ 1897ರ ಜನರಲ್ ಕ್ಲಾಸಸ್ ಕಾಯಿದೆ ಸಹಿ ಎಂದೇ ಎಣಿಸುತ್ತದೆ. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ 63ನೇ ಕಲಮಿನಂತೆ, ಉಯಿಲು ಮಾಡುವವರ ಎದುರಿನಲ್ಲೇ, ಅವರು ಹೇಳಿದಂತೆ ಇನ್ನೊಬ್ಬರು ಸಹಿ ಹಾಕಬಹುದು. ಕನಿಷ್ಠ ಇಬ್ಬರು ಸಾಕ್ಷಿಗಳ ರುಜು ಬೇಕೇ ಬೇಕು.

ತಪ್ಪು ಕಲ್ಪನೆ: ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ) ಇದ್ದರೆ ಅಪ್ಪನ ಸಹಿಯನ್ನು ಅಪ್ಪನಂತೆಯೇ ಹಾಕಬಹುದು, ಅವರು ತೀರಿದ ಮೇಲೂ ನಡೆಯುತ್ತದೆ.
ಸತ್ಯ: ಅಧಿಕಾರ ಪಡೆದವರು ತಮ್ಮದೇ ಸಹಿ ಹಾಕಿ, ಯಾರ ಪರವಾಗಿ ಎಂದು ಬರೆಯಬೇಕು. ಮೋಸದ ಉದ್ದೇಶದಿಂದ ಇನ್ನೊಬ್ಬರ ಸಹಿಯನ್ನು ನಕಲು ಮಾಡಿದರೆ ಅದು ಫೋರ್ಜರಿ. ಕೊಟ್ಟವರು ತೀರಿಕೊಂಡರೆ ಸಾಮಾನ್ಯವಾಗಿ ಆ ಅಧಿಕಾರವೂ ಮುಗಿಯುತ್ತದೆ. ಜಿಪಿಎ ತೋರಿಸಿ ಜಮೀನು ಮಾರಲು ಬಂದವರನ್ನು, ಕೊಟ್ಟವರು ಬದುಕಿದ್ದಾರೆಯೇ ಎಂದು ಮೊದಲು ಕೇಳಿ. ಅಡ್ವಾನ್ಸಿನ ಮಾತು ಆಮೇಲೆ.