ಗೇರುಗುಡ್ಡದ ವಿಷ ಮತ್ತು ಪೀಳಿಗೆಗಳ ಲೆಕ್ಕ

ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡದ ಹೆಸರನ್ನು ನೀವು ಎಂಡೋಸಲ್ಫಾನ್ ಜೊತೆಗೇ ಕೇಳಿರುತ್ತೀರಿ. ಅಲ್ಲಿನ ಗೇರು ನೆಡುತೋಪುಗಳಲ್ಲಿ ಚಹಾ ಸೊಳ್ಳೆಯನ್ನು (ಇದು ಸೊಳ್ಳೆಯಲ್ಲ, ಚಿಗುರಿನ ರಸ ಹೀರುವ ತಿಗಣೆ) ಕೊಲ್ಲಲು 1980ರ ದಶಕದಿಂದ ಸುಮಾರು ಎರಡು ದಶಕ ಹೆಲಿಕಾಪ್ಟರಿನಿಂದ ಈ ವಿಷ ಸಿಂಪಡಿಸಲಾಯಿತು.

ಸಿಂಪಡಿಸಿದ್ದೆಲ್ಲ ಗುಡ್ಡದಲ್ಲೇ ಉಳಿಯುವುದಿಲ್ಲ. ಗಾಳಿಯಲ್ಲಿ ಬೀಳುವ ಪುಟ್ಟ ಹನಿಯ ವೇಗ ಅದರ ತ್ರಿಜ್ಯದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. 100 ಮೈಕ್ರಾನ್ ವ್ಯಾಸದ ಹನಿ 10 ಮೀಟರ್ ಎತ್ತರದಿಂದ ಅರ್ಧ ನಿಮಿಷದ ಆಸುಪಾಸಿನಲ್ಲಿ ನೆಲ ಸೇರುತ್ತದೆ. 10 ಮೈಕ್ರಾನಿನ ಹನಿಗೆ ಹೆಚ್ಚುಕಡಿಮೆ ಒಂದು ಗಂಟೆ ಬೇಕು. ಆವಿಯಾಗುವುದನ್ನು ಬದಿಗಿಟ್ಟರೆ, ಸೆಕೆಂಡಿಗೆ 2 ಮೀಟರಿನ ಮಂದಗಾಳಿಯಲ್ಲೂ ಅದು 6 ಕಿ.ಮೀ. ದಾಟೀತು. (ಸ್ಟೋಕ್ಸ್ ನಿಯಮಕ್ಕೆ ಎಣ್ಣೆಯಲ್ಲಿ ಗುಂಡು ಬಿಡುವ ಹಳೆಯ ಉದಾಹರಣೆಯ ಬದಲು ಇದನ್ನು ಮಾಡಿಸಿ ನೋಡಿ.) ಗುಡ್ಡದ ಕೆಳಗೆ ಹಳ್ಳ, ತೋಟ, ಬಾವಿ, ಮನೆಗಳು.

ಜೀವಿಗಳು ಇಂಥ ವಿಷಕ್ಕೆ 'ಹೊಂದಿಕೊಳ್ಳುವುದಿಲ್ಲವೆ?' ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಹೊಂದಿಕೊಳ್ಳುತ್ತವೆ, ಆದರೆ ಯಾವುವು, ಹೇಗೆ ಎಂಬುದನ್ನು ನೋಡಬೇಕು. ಎಂಡೋಸಲ್ಫಾನ್ ನರಕೋಶದ ಪೊರೆಯಲ್ಲಿನ ಕ್ಲೋರೈಡ್ ದ್ವಾರಗಳಿಗೆ ಅಡ್ಡಿಯಾಗುತ್ತದೆ. ನರದ ಉದ್ರೇಕಕ್ಕೆ ಕಡಿವಾಣ ತಪ್ಪಿ, ಕೀಟ ಸೆಳೆತ ಬಂದು ಸಾಯುತ್ತದೆ. ಆ ದ್ವಾರದ ಪ್ರೋಟೀನಿನಲ್ಲಿ ಅಲನಿನ್ ಎಂಬ ಒಂದು ಅಮೈನೋ ಆಮ್ಲದ ಜಾಗಕ್ಕೆ ಸೆರಿನ್ ಬಂದರೆ ವಿಷ ಅಲ್ಲಿ ಸರಿಯಾಗಿ ಕೂರದು. ಇಂಥ ವಿಕೃತಿಯನ್ನು ವಿಷ ಉಂಟುಮಾಡುವುದಲ್ಲ. ಅದನ್ನು ಹೊತ್ತ ಒಂದೆರಡು ಕೀಟಗಳು ಗುಂಪಿನಲ್ಲಿದ್ದರೆ, ಸಿಂಪರಣೆ ಉಳಿದವನ್ನು ಕೊಂದು ಅವುಗಳ ಸಂತತಿಗೆ ಜಾಗ ಮಾಡಿಕೊಡುತ್ತದೆ, ಅಷ್ಟೆ.

ಪೆಸಿಫಿಕ್ ಸಾಗರದ ನ್ಯೂ ಕ್ಯಾಲಿಡೋನಿಯದಲ್ಲಿ 1980ರ ದಶಕದ ಕೊನೆಗೆ ಕಂಡದ್ದು ಇದನ್ನೇ. ನಮ್ಮ ಕೊಡಗಿನ ಬೆಳೆಗಾರರಿಗೂ ಪರಿಚಿತವಾದ ಕಾಫಿ ಕಾಯಿಕೊರಕ ಅಲ್ಲಿ ಎಂಡೋಸಲ್ಫಾನಿಗೆ ಬಗ್ಗದಾಯಿತು. ಈ ದುಂಬಿಯ ಒಂದು ಪೀಳಿಗೆಗೆ ತಿಂಗಳ ಆಸುಪಾಸು ಸಾಕು. ಅಕ್ಕತಂಗಿಯರು ಅಣ್ಣತಮ್ಮಂದಿರೊಡನೆ ಕಾಯಿಯೊಳಗೇ ಕೂಡುವುದರಿಂದ ವಿಕೃತಿ ಬೇಗ ನೆಲೆಗೊಳ್ಳುತ್ತದೆ.

ಬೆನ್ನೆಲುಬಿನ ಪ್ರಾಣಿಗಳಲ್ಲೂ ಇದು ಇಲ್ಲದಿಲ್ಲ. ಅಮೆರಿಕದ ಅಟ್ಲಾಂಟಿಕ್ ಕರಾವಳಿಯ ಕಿಲ್ಲಿಫಿಶ್ ಎಂಬ ಪುಟ್ಟ ಮೀನು ಕೈಗಾರಿಕಾ ವಿಷದ ಕೊಲ್ಲಿಗಳಲ್ಲೂ ಬದುಕುತ್ತಿದೆ. ಅದರ ಸಂಖ್ಯೆ ಅಪಾರ, ಆನುವಂಶಿಕ ವೈವಿಧ್ಯ ಹೆಚ್ಚು. ಗುಡ್ಡದ ಬುಡದ ಸಣ್ಣ ಹಳ್ಳದ ಮೀನಿಗೆ ಅಂಥ ಅನುಕೂಲವಿಲ್ಲ. ಲೀಟರು ನೀರಿಗೆ ಕೆಲವೇ ಮೈಕ್ರೋಗ್ರಾಂ ಎಂಡೋಸಲ್ಫಾನ್ ಅನೇಕ ಜಾತಿಯ ಮೀನುಗಳನ್ನು ಕೊಲ್ಲಬಲ್ಲದು.

ಈಗ ಲೆಕ್ಕ ಹಾಕಿ. 20 ವರ್ಷದಲ್ಲಿ ಕಾಯಿಕೊರಕಕ್ಕೆ 200ರಷ್ಟು ಪೀಳಿಗೆಗಳಾಗಬಹುದು. ಮನುಷ್ಯನಿಗೆ ಒಂದೂ ಪೂರ್ತಿಯಾಗದು. 2011ರ ಮೇ 13ರಂದು ಸುಪ್ರೀಂ ಕೋರ್ಟ್ ಎಂಡೋಸಲ್ಫಾನಿನ ಬಳಕೆಯನ್ನು ದೇಶದಾದ್ಯಂತ ತಡೆಯಿತು. ಸಿಂಪರಣೆಯ ದಿನಗಳಲ್ಲಿ ಕೊಕ್ಕಡದ ಸುತ್ತ ಹುಟ್ಟಿ, ಪೀಡಿತರೆಂದು ಸರ್ಕಾರದ ಪಟ್ಟಿ ಸೇರಿ ಮಾಸಾಶನ ಪಡೆಯುತ್ತಿರುವ ಅನೇಕರಿಗೆ ಈಗ ಮೂವತ್ತು ದಾಟಿದೆ. ಅವರಲ್ಲಿ ಕೆಲವರಿಗೆ ಇಂದಿಗೂ ಊಟ ಮಾಡಿಸುವವರು ವಯಸ್ಸಾದ ತಾಯಂದಿರೇ.